ಬ್ಯಾಂಕಿನಲ್ಲಿ 63, ಸಂಬಳಕ್ಕೆ ಸೊನ್ನೆ: ಒಂದು ಸಣ್ಣ ಸಂಸ್ಥೆಯ ಏಳು ವರ್ಷಗಳ ಲೆಕ್ಕ

ಇದು ಹೆಸರಿರುವ ಯಾವುದೋ ಒಂದು ಸಂಸ್ಥೆಯ ವರದಿಯಲ್ಲ. ಸಣ್ಣ ಲಾಭರಹಿತ ಸಂಸ್ಥೆಗಳ ಲೆಕ್ಕದಲ್ಲಿ ಮತ್ತೆ ಮತ್ತೆ ಕಾಣುವ ಕಾಯಿಲೆಯೊಂದನ್ನು ಮೊದಲಿನಿಂದ ಕೊನೆಯವರೆಗೆ ತೋರಿಸಲು ಕಟ್ಟಿದ ಮಾದರಿ ಪ್ರಕರಣ. ಅಂಕಿಗಳು ಒಂದಕ್ಕೊಂದು ತಾಳೆಯಾಗುತ್ತವೆ. ಕಾಗದ ಪೆನ್ಸಿಲ್ ಹಿಡಿದು ಕೂಡಿ ಕಳೆದು ನೋಡಿದರೆ ಇನ್ನೂ ಒಳ್ಳೆಯದು. ಮೊದಲ ವರ್ಷದ ಒಟ್ಟು ಖರ್ಚನ್ನು 100 ಎಂದಿಟ್ಟುಕೊಂಡು ಉಳಿದ ಮೊತ್ತಗಳನ್ನೆಲ್ಲ ಅದೇ ಅಳತೆಯಲ್ಲಿ ಕೊಟ್ಟಿದೆ. ಹಣ ಯಾವ ನಾಣ್ಯದ್ದಾದರೂ ಲೆಕ್ಕ ಬದಲಾಗುವುದಿಲ್ಲ.

ಸಂಸ್ಥೆಯ ಕೆಲಸ ಸರಳ: ಶಾಲಾ ಮಕ್ಕಳಿಗೆ ಸಂಜೆ ಓದುವ ಕೇಂದ್ರಗಳನ್ನು ನಡೆಸುವುದು. ಶುರುವಿನಲ್ಲಿ ಒಬ್ಬ ನಿರ್ದೇಶಕಿ, ಇಬ್ಬರು ಸಿಬ್ಬಂದಿ, ಸಂಬಳವಿಲ್ಲದೆ ಲೆಕ್ಕ ನೋಡುವ ಒಬ್ಬ ಖಜಾಂಚಿ, ಏಳು ಜನರ ಆಡಳಿತ ಮಂಡಳಿ.

ಮೊದಲ ಮೂರು ವರ್ಷಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಆದಾಯ 108, 122, 140; ಖರ್ಚು 100, 115, 131. ಪ್ರತಿ ವರ್ಷ ಚೂರುಪಾರು ಉಳಿದು ಮೂರನೇ ವರ್ಷದ ಕೊನೆಗೆ ಕೂಡಿಟ್ಟದ್ದು 24 ಆಯಿತು, ಅಂದರೆ ಎರಡು ತಿಂಗಳಿಗೆ ತುಸು ಹೆಚ್ಚಿನ ಖರ್ಚಿನಷ್ಟು. ಆ ವರ್ಷದ 140ರಲ್ಲಿ 110 ಬಿಡಿ ದೇಣಿಗೆ ಮತ್ತು ಸದಸ್ಯತ್ವದ ಹಣ, ಯಾವುದಕ್ಕಾದರೂ ಬಳಸಬಹುದಾದದ್ದು. ಉಳಿದ 30 ಪುಸ್ತಕ ಕೊಳ್ಳಲು ಮತ್ತು ಕೇಂದ್ರ ನಡೆಸಲು ಪ್ರತಿ ವರ್ಷ ಬರುತ್ತಿದ್ದ ಸಣ್ಣ ಅನುದಾನ. ಅದು ಬಂದಷ್ಟೇ ಖರ್ಚಾಗುತ್ತಿತ್ತು.

ಲೆಕ್ಕ ಇಡುತ್ತಿದ್ದದ್ದು ಜಮಾ-ಖರ್ಚಿನ ಪದ್ಧತಿಯಲ್ಲಿ. ಬಂದದ್ದು ಎಡಕ್ಕೆ, ಹೋದದ್ದು ಬಲಕ್ಕೆ, ಕೊನೆಯಲ್ಲಿ ಆಖೈರು ಶಿಲ್ಕು, ಅಂದರೆ ಕೈಯಲ್ಲಿ ಉಳಿದ ಹಣ. ಒಂದೇ ಬ್ಯಾಂಕ್ ಖಾತೆ. ಈ ಗಾತ್ರಕ್ಕೆ ಇದು ಸಾಕಿತ್ತು. ತೊಂದರೆ ಶುರುವಾದದ್ದು ಸಂಸ್ಥೆ ಬೆಳೆದಾಗ, ಲೆಕ್ಕದ ಪದ್ಧತಿ ಮಾತ್ರ ಇದ್ದಲ್ಲೇ ಉಳಿದಾಗ.

ದೊಡ್ಡ ಅನುದಾನ ಬಂದ ವರ್ಷ

ನಾಲ್ಕನೇ ವರ್ಷ ಮೂರು ವರ್ಷಗಳ ಅನುದಾನ ಮಂಜೂರಾಯಿತು: ಒಟ್ಟು 480, ವರ್ಷಕ್ಕೆ 160ರ ಒಂದು ಕಂತು. ಹಿಂದಿನ ವರ್ಷದ ಸಂಸ್ಥೆಯ ಒಟ್ಟು ಖರ್ಚಿಗಿಂತ ಒಂದು ವರ್ಷದ ಕಂತೇ ದೊಡ್ಡದು. ಸಿಬ್ಬಂದಿ ಮೂವರಿಂದ ಒಂಬತ್ತಕ್ಕೆ ಏರಿದರು, ಕೇಂದ್ರಗಳೂ ಒಂಬತ್ತಾದವು. ಒಪ್ಪಂದದ ಒಂದು ಸಾಲನ್ನು ಮಾತ್ರ ಯಾರೂ ನಿಂತು ಓದಲಿಲ್ಲ: ಆಡಳಿತ ವೆಚ್ಚಕ್ಕೆ ಶೇ. 5. ಅಂದರೆ 160ರಲ್ಲಿ 8.

ಆ ಕೆಲಸ ನಿಭಾಯಿಸಲು ನಿಜವಾಗಿ ಬೇಕಾದದ್ದನ್ನು ಆಮೇಲೆ ಕೂತು ಲೆಕ್ಕ ಹಾಕಿದಾಗ ಸಿಕ್ಕಿದ್ದು 26. ಲೆಕ್ಕಿಗರ ಸಂಬಳ 9, ಹೆಚ್ಚುವರಿ ಕೋಣೆಯ ಬಾಡಿಗೆ ಮತ್ತು ವಿದ್ಯುತ್ 6, ಮೇಲ್ವಿಚಾರಣೆಗೆ ತೆಗೆದುಕೊಂಡ ಸಂಯೋಜಕರ ಸಂಬಳದ ಪಾಲು 5, ದತ್ತಾಂಶ ಕಲೆಹಾಕಿ ತ್ರೈಮಾಸಿಕ ವರದಿ ಬರೆಯುವ ಖರ್ಚು 3, ಅನುದಾನಕ್ಕೆಂದೇ ಪ್ರತ್ಯೇಕ ಆಡಿಟ್ 2, ನೇಮಕ ಮತ್ತು ತರಬೇತಿ 1. ಇವುಗಳಲ್ಲಿ ದುಂದು ಅನ್ನುವಂಥದ್ದು ಒಂದೂ ಇಲ್ಲ. ಪ್ರತ್ಯೇಕ ಆಡಿಟ್ ಮತ್ತು ತ್ರೈಮಾಸಿಕ ವರದಿಯಂತೂ ಅನುದಾನ ಕೊಟ್ಟವರೇ ಕೇಳಿದ್ದು. ಅವರು ಕೊಟ್ಟದ್ದು 8, ಆದದ್ದು 26. ಉಳಿದ 18 ಪ್ರತಿ ವರ್ಷ ಬಿಡಿ ದೇಣಿಗೆಯ ಮೇಲೆ ಬಿತ್ತು.

ಶೇ. 5 ಅನ್ನುವ ಸಂಖ್ಯೆ ಯಾವ ಲೆಕ್ಕದಿಂದಲೂ ಹುಟ್ಟಿದ್ದಲ್ಲ. ಆಡಳಿತಕ್ಕೆ ಕಡಿಮೆ ಖರ್ಚು ಮಾಡುವ ಸಂಸ್ಥೆಯೇ ಪ್ರಾಮಾಣಿಕ ಸಂಸ್ಥೆ ಎಂಬ ನಂಬಿಕೆಯಿಂದ ಹುಟ್ಟಿದ್ದು. ದಾನಿಗಳಿಗೆ ಮಾಹಿತಿ ಕೊಡುವ ಗೈಡ್‌ಸ್ಟಾರ್, ಚ್ಯಾರಿಟಿ ನ್ಯಾವಿಗೇಟರ್ ಮತ್ತು ಬಿಬಿಬಿ ವೈಸ್ ಗಿವಿಂಗ್ ಅಲೈಯನ್ಸ್ ಎಂಬ ಅಮೆರಿಕದ ಮೂರು ಸಂಸ್ಥೆಗಳೇ 2013ರಲ್ಲಿ ದಾನಿಗಳಿಗೆ ಬಹಿರಂಗ ಪತ್ರ ಬರೆದು, ಓವರ್‌ಹೆಡ್ (ಆಡಳಿತ ವೆಚ್ಚ) ಶೇಕಡಾವಾರು ನೋಡಿ ಸಂಸ್ಥೆಯನ್ನು ಅಳೆಯಬೇಡಿ ಎಂದು ಹೇಳಿದ್ದವು. ಆ ದೇಶದ ಒಕ್ಕೂಟ ಸರ್ಕಾರದ ಅನುದಾನಗಳಲ್ಲಿ, ತಮ್ಮದೇ ದರ ನಿಗದಿ ಮಾಡಿಸಿಕೊಳ್ಳದ ಸಂಸ್ಥೆಗಳು ಹಾಕಿಕೊಳ್ಳಬಹುದಾದ ಪರೋಕ್ಷ ವೆಚ್ಚದ (ಆಡಳಿತ, ಬಾಡಿಗೆಯಂಥ ಖರ್ಚಿನ) ದರವನ್ನು 2024ರ ಅಕ್ಟೋಬರ್ 1ರಿಂದ ಶೇ. 10ರಿಂದ ಶೇ. 15ಕ್ಕೆ ಏರಿಸಲಾಯಿತು. ನಮ್ಮ ಪ್ರಕರಣದಲ್ಲಿ ನೇರ ವೆಚ್ಚ, ಅಂದರೆ 160ರಲ್ಲಿ ಆಡಳಿತದ 8 ಕಳೆದು ಕೆಲಸಕ್ಕೇ ಹೋಗುವುದು, 152. ಅದಕ್ಕೆ 26 ಅಂದರೆ ಶೇ. 17. ಅತಿ ಅನ್ನುವಂಥ ದರವಲ್ಲ.

ಸೊನ್ನೆಯೂ 40ರ ಉಳಿತಾಯವೂ

ನಾಲ್ಕನೇ ವರ್ಷದ ಕೊನೆಗೆ ಮಂಡಳಿಯ ಮುಂದೆ ಬಂದ ಹಾಳೆ ಹೀಗಿತ್ತು: ಬಿಡಿ ದೇಣಿಗೆ 112, ಸಣ್ಣ ಅನುದಾನ 30, ದೊಡ್ಡ ಅನುದಾನ 160, ಒಟ್ಟು ಆದಾಯ 302. ಒಟ್ಟು ಖರ್ಚು 302. ಆಯ-ವ್ಯಯ ಸರಿಸಮ. ಎಲ್ಲರೂ ತಲೆಯಾಡಿಸಿದರು.

ಅದೇ ಅಂಕಿಗಳನ್ನು ಎರಡು ಕಂಬಗಳಲ್ಲಿ ಬರೆಯೋಣ. ದಾನಿ ಇಂಥದ್ದಕ್ಕೇ ಎಂದು ಹೇಳಿ ಕೊಟ್ಟದ್ದು ನಿರ್ಬಂಧಿತ. ಹಾಗೆ ಹೇಳದೆ ಕೊಟ್ಟದ್ದು ಮುಕ್ತ.

ನಿರ್ಬಂಧಿತ: ಬಂದದ್ದು 190, ಹೋದದ್ದು 178 (ಸಣ್ಣ ಅನುದಾನದ 30, ದೊಡ್ಡದರಲ್ಲಿ 148), ಉಳಿದದ್ದು 12.
ಮುಕ್ತ: ಬಂದದ್ದು 112, ಹೋದದ್ದು 124 (ಹಳೆಯ ಖರ್ಚು 106, ಅನುದಾನ ಭರಿಸದ 18), ಕೊರತೆ 12.

ಒಂದು ಕಂಬದ 12ರ ಉಳಿಕೆ ಇನ್ನೊಂದು ಕಂಬದ 12ರ ಕೊರತೆಯನ್ನು ಸರಿಯಾಗಿ ಮುಚ್ಚಿಬಿಟ್ಟಿದೆ. ಆ ಉಳಿಕೆಯೋ ನೇಮಕ ತಡವಾಗಿ ಖರ್ಚಾಗದೆ ಉಳಿದ ಅನುದಾನ. ಸಂಸ್ಥೆಯ ಹಣವಲ್ಲ, ಮಾಡಬೇಕಾದ ಕೆಲಸದ ಬಾಕಿ. ಮೂರು ವರ್ಷ ಕೂಡಿಟ್ಟಿದ್ದ 24ರಲ್ಲಿ ಅರ್ಧ ಒಂದೇ ವರ್ಷದಲ್ಲಿ ಕರಗಿತು. ಹಾಳೆಯಲ್ಲಿ ಅದರ ಸುಳಿವೂ ಇಲ್ಲ.

ಐದನೇ ವರ್ಷ ಇನ್ನೂ ಮೋಸದ್ದು. ಓದುವ ಸಭಾಂಗಣ ಕಟ್ಟಲು ಒಬ್ಬ ದಾನಿ ವರ್ಷದ ಕೊನೆಯ ತಿಂಗಳಲ್ಲಿ 60 ಕೊಟ್ಟರು. ಒಟ್ಟು ಆದಾಯ 354 (104, 30, 160, 60), ಖರ್ಚು 314. ಹಾಳೆಯ ಕೆಳಗೆ 'ಉಳಿತಾಯ 40' ಎಂದು ದಪ್ಪಕ್ಷರದಲ್ಲಿ ಬಂತು. ಸಂಸ್ಥೆಯ ಚರಿತ್ರೆಯಲ್ಲೇ ಅತಿ ಹೆಚ್ಚು. ಅದನ್ನು ನೋಡಿ ಮಂಡಳಿ ಎಲ್ಲರ ಸಂಬಳ ಶೇ. 6 ಏರಿಸಿತು. ಸಿಬ್ಬಂದಿಗೆ ಅದು ಸಲ್ಲಬೇಕಾದದ್ದೇ. ಆದರೆ ಯಾವ ಹಣದಿಂದ ಎಂದು ಯಾರೂ ಕೇಳಲಿಲ್ಲ. ಮುಕ್ತ ಕಂಬದಲ್ಲಿ ಆ ವರ್ಷ ಬಂದದ್ದು 104, ಹೋದದ್ದು 126. ಕೊರತೆ 22. ಹಿಂದೆ ಉಳಿದಿದ್ದ 12 ಮುಗಿದು 10 ಸಾಲದ ಕಡೆಗೆ ಇಳಿದಿತ್ತು. ಆ 10 ಎಲ್ಲಿಂದ ಬಂತು? ಬೇರೆ ಉದ್ದೇಶಕ್ಕೆ ಬಂದು ಅದೇ ಖಾತೆಯಲ್ಲಿ ಕೂತಿದ್ದ ಹಣದಿಂದ. ಯಾರೂ ತೀರ್ಮಾನ ಮಾಡಿ ತೆಗೆದದ್ದಲ್ಲ. ಒಂದೇ ಖಾತೆಯಿದ್ದರೆ ತೀರ್ಮಾನವೇ ಬೇಕಿಲ್ಲ, ತಾನಾಗಿ ಆಗಿಹೋಗುತ್ತದೆ.

ಬಿಡಿ ದೇಣಿಗೆ 112ರಿಂದ 104ಕ್ಕೆ ಇಳಿದದ್ದಕ್ಕೂ ದೊಡ್ಡ ಅನುದಾನಕ್ಕೂ ನೇರ ನಂಟಿದೆ. ನಿರ್ದೇಶಕಿಯ ಸಮಯವನ್ನೆಲ್ಲ ವರದಿಗಳು ತಿಂದವು. ವಾರದೊಳಗೆ ಹೋಗುತ್ತಿದ್ದ ರಸೀದಿ ಮತ್ತು ಕೃತಜ್ಞತೆಯ ಪತ್ರ ಮೂರು ತಿಂಗಳಿಗೆ ಹೋದವು. ಪ್ರತಿ ತಿಂಗಳು ತಾನಾಗಿ ಕಡಿತವಾಗುತ್ತಿದ್ದ ಕೆಲವು ದೇಣಿಗೆಗಳು ಕಾರ್ಡ್ ಅವಧಿ ಮುಗಿದು ನಿಂತವು, ಫೋನ್ ಮಾಡಿ ಕೇಳಲು ಯಾರೂ ಇರಲಿಲ್ಲ. ಇನ್ನು ಕೆಲವರು ದೊಡ್ಡ ಅನುದಾನದ ಸುದ್ದಿ ಓದಿ, ಇವರಿಗೆ ಇನ್ನು ನಮ್ಮ ಚಿಕ್ಕ ಮೊತ್ತ ಬೇಕಿಲ್ಲ ಅಂದುಕೊಂಡರು. ಯಾವ ಹಣದ ಅಗತ್ಯ ಅತಿ ಹೆಚ್ಚಾಗಿತ್ತೋ ಅದೇ ಹಣದ ಮೂಲ ಒಣಗುತ್ತಾ ಬಂತು.

ಆರನೇ ವರ್ಷದ ಎರಡನೇ ತಿಂಗಳು

ಐದನೇ ವರ್ಷದ ಕೊನೆಯ ದಿನ ಪಾಸ್‌ಬುಕ್ಕಿನಲ್ಲಿ 63 ಇತ್ತು. ತಿಂಗಳ ಖರ್ಚು ಸುಮಾರು 26. ಎರಡೂವರೆ ತಿಂಗಳಿಗೆ ಹತ್ತಿರದ ಹಣ, ಮೇಲ್ನೋಟಕ್ಕೆ ನೆಮ್ಮದಿ. ಆದರೆ ಆ 63ರ ಮೇಲೆ ಇದ್ದ ಹಕ್ಕುಗಳು: ಸಭಾಂಗಣಕ್ಕೆ 60, ದೊಡ್ಡ ಅನುದಾನದಲ್ಲಿ ಖರ್ಚಾಗದ 14, ಆಡಿಟರಿಗೂ ಬಾಡಿಗೆಗೂ ಕೊಡಬೇಕಾದ ಬಾಕಿ 6. ಒಟ್ಟು 80. ಅಂದರೆ ಆ ದಿನವೇ 17 ಕಡಿಮೆ. (ಮುಕ್ತ ನಿಧಿಯ ಕೊರತೆ 10 ಅಲ್ಲವೇ, 17 ಹೇಗೆ ಎಂದು ಕೇಳಬಹುದು. ಕೋಣೆಯ ಠೇವಣಿ ಮತ್ತು ಕಂಪ್ಯೂಟರುಗಳ ರೂಪದಲ್ಲಿ 7 ಸಿಕ್ಕಿಬಿದ್ದಿತ್ತು. ಪುಸ್ತಕದಲ್ಲಿ ಅದು ಆಸ್ತಿ, ಆದರೆ ಅದರಿಂದ ಸಂಬಳ ಕೊಡಲಾಗದು.)

ಮೂರನೇ ಕಂತಿನ 160 ಬರಬೇಕಾದರೆ ಹಿಂದಿನ ವರ್ಷದ ಆಡಿಟ್ ಆದ ವಿನಿಯೋಗ ಪ್ರಮಾಣಪತ್ರ (ಹಣ ಯಾವುದಕ್ಕೆ ಖರ್ಚಾಯಿತು ಎಂಬ ದೃಢೀಕರಣ) ಕಳಿಸಬೇಕು. ಆಡಿಟ್ ಮುಗಿಯಲು ಎಂಟು ವಾರ, ಕೊಡುವವರ ಪರಿಶೀಲನೆಗೆ ನಾಲ್ಕು ವಾರ. ಅಲ್ಲಿಯವರೆಗೆ ಆ ಯೋಜನೆಯ ಸಂಬಳವನ್ನೂ ಸಂಸ್ಥೆಯೇ ಕೈಯಿಂದ ಹಾಕಬೇಕು. ಸಣ್ಣ ಅನುದಾನದ 30 ಬರುವುದು ವರ್ಷದ ಮಧ್ಯದಲ್ಲಿ. ದೇಣಿಗೆ ವರ್ಷದ ಮೊದಲ ತಿಂಗಳುಗಳಲ್ಲಿ ತೆಳು, ತಿಂಗಳಿಗೆ 7. ಸಂಬಳ ಏರಿಕೆಯಿಂದ ಖರ್ಚು 27 ಆಗಿತ್ತು.

ಮೊದಲ ತಿಂಗಳು: 63ಕ್ಕೆ 7 ಕೂಡಿ, 27 ಕಳೆದು, ಬಾಕಿ 6 ತೀರಿಸಿ, ಉಳಿದದ್ದು 37.
ಎರಡನೇ ತಿಂಗಳು: 37ಕ್ಕೆ 7 ಕೂಡಿ 27 ಕಳೆದರೆ 17.
ಮೂರನೇ ತಿಂಗಳು: 17ಕ್ಕೆ 7 ಕೂಡಿ 27 ಕಳೆದರೆ ಸೊನ್ನೆಗಿಂತ 3 ಕೆಳಗೆ.

ವಿಷಯ ಬಯಲಾದದ್ದು ಸಂಬಳದಿಂದಲೂ ಅಲ್ಲ. ಎರಡನೇ ತಿಂಗಳ ಕೊನೆಗೆ ಕಟ್ಟಡದ ಗುತ್ತಿಗೆದಾರರಿಗೆ 20 ಮುಂಗಡ ಕೊಡಬೇಕಿತ್ತು. ಖಜಾಂಚಿ ಚೆಕ್ಕಿಗೆ ಸಹಿ ಹಾಕುವ ಮೊದಲು ಶಿಲ್ಕು ಕೇಳಿದರು. "ಹದಿನೇಳು ಇದೆ ಸಾರ್." "ಕಟ್ಟಡದ್ದೇ ಅರವತ್ತು ಇರಬೇಕಲ್ಲಮ್ಮ?" ಲೆಕ್ಕಿಗರು ಲೆಡ್ಜರ್ ತಿರುವಿ ತೋರಿಸಿದರು. ಸಭಾಂಗಣದ ಹಣ ಜಮಾ ಆದ ಸಾಲಿನ ಕೆಳಗೆ ಎರಡು ತಿಂಗಳ ಸಂಬಳ, ಬಾಡಿಗೆ, ಆಡಿಟ್ ಶುಲ್ಕ, ಎಲ್ಲ ಒಂದೇ ಶಾಯಿಯಲ್ಲಿ, ಒಂದೇ ಕಂಬದಲ್ಲಿ. ಒಂದು ವೋಚರೂ ಸುಳ್ಳಲ್ಲ, ಒಂದು ಮೊತ್ತವೂ ತಪ್ಪಲ್ಲ. ಆದರೆ ಯಾವ ಖರ್ಚು ಯಾರ ಹಣದಿಂದ ಎಂಬ ಕಾಲಮ್ಮೇ ಆ ಪುಸ್ತಕದಲ್ಲಿ ಇರಲಿಲ್ಲ.

ತೂತಿನ ಅಳತೆ

ಇಂಥ ಹೊತ್ತಿನಲ್ಲಿ ಮೊದಲ ಕೆಲಸ ಹಣ ಹುಡುಕುವುದಲ್ಲ, ತೂತು ಎಷ್ಟು ದೊಡ್ಡದು ಎಂದು ಅಳೆಯುವುದು. 60 ಇರಬೇಕಾದಲ್ಲಿ 17 ಇದೆ, ಕೊರತೆ 43. ಗಾಬರಿ ಹುಟ್ಟಿಸುವ ಸಂಖ್ಯೆ. ಆದರೆ ಬಿಡಿಸಿ ನೋಡಿದರೆ ಮೂರು ತುಂಡು. ದೊಡ್ಡ ಅನುದಾನದ ಎರಡು ತಿಂಗಳ ಖರ್ಚು 26. ಅದರ ಉಳಿಕೆ 14 ಕಳೆದರೆ ಸಂಸ್ಥೆ ಕೈಯಿಂದ ಹಾಕಿದ್ದು 12. ಕಂತು ಬಂದ ದಿನ ಅದು ಮರಳುತ್ತದೆ. ಸಣ್ಣ ಅನುದಾನದ ಕೆಲಸಕ್ಕೆ ಹಾಕಿದ 5 ವರ್ಷದ ಮಧ್ಯದಲ್ಲಿ ಮರಳುತ್ತದೆ. ಉಳಿದ 26 ಮಾತ್ರ ನಿಜವಾದ ತೂತು. ಮೊದಲಿನ ಎರಡು ಕಾಲದ ಸಮಸ್ಯೆ, ಮೂರನೆಯದು ಹಣದ ಸಮಸ್ಯೆ. ಇವೆರಡನ್ನೂ ಕಲಸಿಬಿಟ್ಟರೆ ಬೇಡದ ಸಾಲ ಮಾಡುತ್ತೇವೆ, ಇಲ್ಲವೇ ಬೇಕಾದ ಕಡಿತ ಮಾಡದೆ ಬಿಡುತ್ತೇವೆ.

ಎರಡನೇ ಕೆಲಸ ಹದಿಮೂರು ವಾರಗಳ ನಗದು ಅಂದಾಜು. ಒಂದು ಹಾಳೆ, ವಾರಕ್ಕೊಂದು ಕಂಬ, ಮೇಲೆ ಆರಂಭದ ಶಿಲ್ಕು, ಕೆಳಗೆ ಆಖೈರು ಶಿಲ್ಕು. ಖಚಿತವಾಗಿ ಬರುವುದನ್ನು ಮಾತ್ರ ಬರೆಯಬೇಕು. 'ಬರಬಹುದು' ಅನ್ನುವುದನ್ನು ಹಾಳೆಯ ಅಡಿಯಲ್ಲಿ ಪ್ರತ್ಯೇಕವಾಗಿ. ಬರುವ ಹಣವನ್ನು ಹೇಳಿದ ದಿನಾಂಕಕ್ಕಿಂತ ಎರಡು ವಾರ ತಡವಾಗಿ, ಹೋಗುವ ಹಣವನ್ನು ಸರಿಯಾದ ದಿನಕ್ಕೆ ಹಾಕಬೇಕು. ಪ್ರತಿ ಸೋಮವಾರ ಒಂದು ವಾರ ಅಳಿಸಿ ಒಂದು ವಾರ ಸೇರಿಸಬೇಕು. ಈ ಒಂದು ಹಾಳೆ ಐದನೇ ವರ್ಷದ ನಡುವಿನಿಂದಲೇ ಇದ್ದಿದ್ದರೆ ಮೂರನೇ ತಿಂಗಳ ಸಂಬಳದ ಗೋಡೆ ಮುಂಚೆಯೇ ಕಾಣುತ್ತಿತ್ತು.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು: ದಾನಿಗೆ ಹೇಳುವುದು. ಕೆಲವು ಸಂಸ್ಥೆಗಳು ಇಲ್ಲೇ ದಾರಿ ತಪ್ಪುತ್ತವೆ. ಕಂತು ಬಂದ ಮೇಲೆ ಸದ್ದಿಲ್ಲದೆ ತುಂಬಿಬಿಡೋಣ ಎಂದು ಕಾಯುತ್ತವೆ. ಆಗ ಈ ಅನುದಾನದ ಹಣದಿಂದ ಆ ಅನುದಾನದ ತೂತು ಮುಚ್ಚಿದಂತಾಗುತ್ತದೆ, ತೂತು ಜಾಗ ಬದಲಿಸುತ್ತದೆ ಅಷ್ಟೇ. ನಿರ್ಬಂಧಿತ ಹಣವನ್ನು ಬೇರೆಡೆ ಬಳಸಿದ್ದು ಒಪ್ಪಂದದ ಉಲ್ಲಂಘನೆ. ಬಚ್ಚಿಟ್ಟರೆ ಅದು ವಂಚನೆಯ ರೂಪ ತಾಳುತ್ತದೆ. ಈ ಸಂಸ್ಥೆ ಅದೇ ವಾರ ಸಭಾಂಗಣದ ದಾನಿಯನ್ನು ಕಂಡು, ಒಂದು ಪುಟದ ಪತ್ರ ಕೊಟ್ಟಿತು. ಎಷ್ಟು ಬಳಕೆಯಾಯಿತು, ಯಾವ ತಿಂಗಳಲ್ಲಿ, ಯಾವುದಕ್ಕೆ, ಎಷ್ಟು ತಾನಾಗಿ ಮರಳುತ್ತದೆ, ಉಳಿದ 26 ಯಾವ ತಿಂಗಳಲ್ಲಿ ಎಷ್ಟೆಷ್ಟು ಮರಳುತ್ತದೆ, ಇನ್ನು ಮುಂದೆ ಹೀಗಾಗದಂತೆ ಏನು ಮಾಡಿದ್ದೇವೆ. ಮಂಡಳಿಯ ನಿರ್ಣಯದ ಪ್ರತಿಯೂ ಜೊತೆಗಿತ್ತು. ಕಟ್ಟಡ ಒಂದು ವರ್ಷ ಮುಂದೆ ಹೋಗಲು ದಾನಿ ಲಿಖಿತ ಒಪ್ಪಿಗೆ ಕೊಟ್ಟರು. ಎಲ್ಲ ದಾನಿಗಳೂ ಹೀಗೆ ಒಪ್ಪುತ್ತಾರೆಂದಲ್ಲ. ಹಣ ವಾಪಸು ಕೇಳುವ ಹಕ್ಕೂ ಅವರಿಗಿದೆ. ಆದರೆ ತಾನಾಗಿ ಬಂದು ಅಂಕಿ ಮುಂದಿಡುವ ಸಂಸ್ಥೆಗೆ ಸಿಗುವ ಕಿವಿ, ಆಡಿಟ್‌ನಲ್ಲಿ ಸಿಕ್ಕಿಬಿದ್ದ ಸಂಸ್ಥೆಗೆ ಸಿಗುವುದಿಲ್ಲ.

ದೊಡ್ಡ ಅನುದಾನ ಕೊಟ್ಟವರ ಜೊತೆಗಿನ ಮಾತುಕತೆ ಬೇರೆ ಬಗೆಯದು. ಆಡಳಿತ ವೆಚ್ಚದ 26ರ ವಿಂಗಡಣೆಯನ್ನು ಆಧಾರ ಸಮೇತ ಅವರ ಮುಂದಿಡಲಾಯಿತು: ಬಾಡಿಗೆ ಹಂಚಿದ್ದು ನೆಲದ ಅಳತೆಯ ಮೇಲೆ, ಲೆಕ್ಕಿಗರ ಸಂಬಳ ವೋಚರುಗಳ ಸಂಖ್ಯೆಯ ಮೇಲೆ, ಸಂಯೋಜಕರದ್ದು ವಾರದ ಸಮಯ ಪಟ್ಟಿಯ ಮೇಲೆ. ಹೀಗೆ ಹಂಚಿಕೆಯ ಆಧಾರ ಹೇಳಿದಾಗ ಮಾತು ವಾದದಿಂದ ಲೆಕ್ಕಕ್ಕೆ ಬರುತ್ತದೆ. ಒಟ್ಟು 160 ಹೆಚ್ಚಲಿಲ್ಲ. ಒಳಗಿನ ಆಡಳಿತ ಪಾಲು ವರ್ಷದ ಶುರುವಿನಿಂದಲೇ ಅನ್ವಯವಾಗುವಂತೆ ಶೇ. 12ಕ್ಕೆ, ಅಂದರೆ ಸುಮಾರು 19ಕ್ಕೆ ಏರಿತು. ಅದಕ್ಕೆ ಬದಲಾಗಿ ಒಂಬತ್ತು ಕೇಂದ್ರಗಳಲ್ಲಿ ಅತಿ ಚಿಕ್ಕದನ್ನು ಪಕ್ಕದ ಕೇಂದ್ರದೊಳಗೆ ಸೇರಿಸಬೇಕಾಯಿತು. ಅಲ್ಲಿನ ಮಕ್ಕಳಿಗೆ ನಡೆಯುವ ದೂರ ಹೆಚ್ಚಿತು. ಈ ನಷ್ಟವನ್ನೂ ಲೆಕ್ಕದಲ್ಲಿ ಬರೆದಿಡಬೇಕು. ತಾತ್ಕಾಲಿಕ ಲೆಕ್ಕಪತ್ರದ ಆಧಾರದ ಮೇಲೆ ಅರ್ಧ ಕಂತನ್ನು ಬೇಗ ಬಿಡುಗಡೆ ಮಾಡಲೂ ಅವರು ಒಪ್ಪಿದರು. ಮೂರನೇ ತಿಂಗಳ ಸಂಬಳ ಒಂಬತ್ತು ದಿನ ತಡವಾಗಿ ಆಯಿತು.

ಕಡಿತದಲ್ಲಿ ಒಂದು ಸರಿಯಾದ ತೀರ್ಮಾನ ಗಮನಿಸಬೇಕು. ಮಂಡಳಿಯಲ್ಲಿ ಮೊದಲು ಬಂದ ಸಲಹೆ ಲೆಕ್ಕಿಗರನ್ನು ಬಿಡುವುದು. ಇಂಥ ಹೊತ್ತಿನಲ್ಲಿ ಎಲ್ಲೆಡೆ ಬರುವ ಸಲಹೆ ಇದು. ಕಣ್ಣು ಮಂಜಾಯಿತೆಂದು ಕನ್ನಡಕ ಮಾರಿದ ಹಾಗೆ. ಅದನ್ನು ಕೈಬಿಟ್ಟು, ಹೆಚ್ಚುವರಿ ಕೋಣೆಯ ಅರ್ಧ ತೆರವು ಮಾಡಲಾಯಿತು (6 ಇದ್ದದ್ದು 3), ಎರಡು ಆಡಿಟ್ ಸೇರಿಸಿ ಒಂದು ಮಾಡಲಾಯಿತು (2 ಇದ್ದದ್ದು 1). ಪರೋಕ್ಷ ವೆಚ್ಚ 22ಕ್ಕೆ ಇಳಿಯಿತು. 19 ವಸೂಲಾಗಿ ಭರಿಸಬೇಕಾದದ್ದು 3 ಮಾತ್ರ. ಕೊಟ್ಟ ಸಂಬಳ ಏರಿಕೆಯನ್ನು ಕಿತ್ತುಕೊಳ್ಳಲಿಲ್ಲ. ಮರುವರ್ಷ ಏರಿಕೆ ಇಲ್ಲ ಎಂದು ಮುಂಚೆಯೇ ತಿಳಿಸಲಾಯಿತು. ನಿರ್ದೇಶಕಿಗೆ ವಾರದಲ್ಲಿ ಒಂದು ದಿನ ಹಳೆಯ ದಾನಿಗಳಿಗೆಂದೇ ಮೀಸಲು: ಫೋನ್, ರಸೀದಿ, ನಿಂತುಹೋದ ಮಾಸಿಕ ದೇಣಿಗೆಗಳ ನವೀಕರಣ.

ಆರನೇ ವರ್ಷ ಮುಕ್ತ ಆದಾಯ 118ಕ್ಕೆ ಏರಿತು, ಹೆಚ್ಚಿನದು ಕೊನೆಯ ಮೂರು ತಿಂಗಳಲ್ಲಿ. ಖರ್ಚು 103. ಉಳಿದ 15ರಲ್ಲಿ 10 ಹಳೆಯ ಕೊರತೆಗೆ ಹೋಯಿತು. ಇನ್ನು 5 ಉಳಿಯಿತು ಅನ್ನುವಾಗ ಆಡಿಟರು ಇನ್ನೊಂದನ್ನು ಎತ್ತಿ ತೋರಿಸಿದರು: ಸಿಬ್ಬಂದಿಯ ಬಳಸದ ರಜೆ ಮತ್ತು ಕೆಲಸ ಬಿಡುವಾಗ ಕೊಡಬೇಕಾದ ಬಾಬ್ತು 4, ಪುಸ್ತಕದಲ್ಲಿ ಎಲ್ಲೂ ಇಲ್ಲ. ಜಮಾ-ಖರ್ಚಿನ ಪದ್ಧತಿಯಲ್ಲಿ ಕೊಡುವ ದಿನದವರೆಗೂ ಇದು ಕಾಣುವುದಿಲ್ಲ. ಅನುದಾನ ಮುಗಿದು ಹಲವರನ್ನು ಒಟ್ಟಿಗೆ ಕಳಿಸಬೇಕಾದಾಗ ದುತ್ತೆಂದು ಎದುರಾಗುತ್ತದೆ. ಅದನ್ನು ಕಳೆದು ಮುಕ್ತ ನಿಧಿ 1. ಸಭಾಂಗಣದ 60ರಲ್ಲಿ 58 ಈಗ ಪ್ರತ್ಯೇಕ ಖಾತೆಯಲ್ಲಿತ್ತು; ಉಳಿದ 2 ಮುಂದಿನ ತಿಂಗಳಲ್ಲಿ ಸೇರಿತು.

ಏಳನೇ ವರ್ಷದ ಹಾಳೆ

ದೊಡ್ಡ ಅನುದಾನ ಮುಗಿದು ಹೊಸದು ಬಂತು, ವರ್ಷಕ್ಕೆ 120, ಪರೋಕ್ಷ ವೆಚ್ಚ ಶೇ. 15. ಸಹಿ ಹಾಕುವ ಮೊದಲು ಒಂದು ಪ್ರಶ್ನೆ ಕೇಳಲಾಯಿತು: ಯಾವುದರ ಶೇ. 15? ಒಟ್ಟು ಮೊತ್ತದ್ದಾದರೆ 18. ನೇರ ವೆಚ್ಚದ್ದಾದರೆ 120ರೊಳಗೆ ಸುಮಾರು 15.7. ಒಂದೇ ಶೇಕಡಾವಾರು, 2ಕ್ಕೂ ಮಿಕ್ಕಿದ ವ್ಯತ್ಯಾಸ. ಒಪ್ಪಂದದಲ್ಲಿ 'ಒಟ್ಟು ಮೊತ್ತದ' ಎಂದು ಬರೆಸಲಾಯಿತು.

ಲೆಡ್ಜರಿನ ಪ್ರತಿ ನಮೂದಿಗೂ ಈಗ ಎರಡು ಸಂಕೇತ: ಏನು ಖರ್ಚು, ಯಾರ ನಿಧಿ. ಸಾಫ್ಟ್‌ವೇರ್ ಬದಲಿಸಬೇಕಾಗಲಿಲ್ಲ, ಇದ್ದದ್ದರಲ್ಲೇ ಪ್ರತಿ ನಿಧಿಗೆ ಒಂದೊಂದು ಕಾಸ್ಟ್ ಸೆಂಟರ್ (ಖರ್ಚನ್ನು ಬೇರೆಯಾಗಿ ಗುಂಪು ಮಾಡುವ ತಲೆಬರಹ) ತೆರೆದರೆ ಸಾಕಾಯಿತು. ಲೆಕ್ಕ ಜಮಾ-ಖರ್ಚಿನಿಂದ ಸಂಚಿತ ಪದ್ಧತಿಗೆ ಬದಲಾಯಿತು: ಹಣ ಕೈಬದಲಾದಾಗ ಅಲ್ಲ, ಕೊಡಬೇಕಾದದ್ದು ಬರಬೇಕಾದದ್ದು ಹುಟ್ಟಿದಾಗಲೇ ಬರೆಯುವುದು. ವಾರ್ಷಿಕ ಲೆಕ್ಕಪತ್ರದಲ್ಲಿ ಎರಡೇ ಕಂಬ, ದಾನಿಯ ನಿರ್ಬಂಧ ಇರುವುದು ಮತ್ತು ಇಲ್ಲದ್ದು. ಅಮೆರಿಕದ ಲೆಕ್ಕಪತ್ರ ಮಾನದಂಡ ಮಂಡಳಿಯೂ 2016ರಲ್ಲಿ ಮೂರು ವರ್ಗಗಳನ್ನು ಕೈಬಿಟ್ಟು ಈ ಎರಡಕ್ಕೇ ಬಂದಿತ್ತು.

ಸಭಾಂಗಣ ಎದ್ದು ನಿಂತಿತು. ಅದರ ವಿದ್ಯುತ್, ಶುಚಿ, ರಿಪೇರಿಗೆ ವರ್ಷಕ್ಕೆ 3 ಬೇಕು. ಕಟ್ಟಲು ಕೊಟ್ಟ ಹಣದಲ್ಲಿ ಅದು ಸೇರಿರಲಿಲ್ಲ, ಸಾಮಾನ್ಯವಾಗಿ ಸೇರಿರುವುದೂ ಇಲ್ಲ. ಅದನ್ನು ಮುಕ್ತ ಖರ್ಚಿನಲ್ಲೇ ಇಟ್ಟು ಆ ಕಂಬದ ಒಟ್ಟು 106ಕ್ಕೆ ಬಂತು. ಮುಕ್ತ ಆದಾಯ 126, ಉಳಿಕೆ 20, ನಿಧಿ 21.

21 ಎಂದರೆ ಎಷ್ಟು ತಿಂಗಳು? ಸಭಾಂಗಣ ಬಿಟ್ಟು ವರ್ಷದ ಒಟ್ಟು ಖರ್ಚು 256. ಅದರಿಂದ ಭಾಗಿಸಿದರೆ ಒಂದು ತಿಂಗಳು. ಆದರೆ ಅನುದಾನದ ಕೆಲಸ ಅನುದಾನದ ಜೊತೆಗೇ ನಿಲ್ಲುತ್ತದೆ. ಅನುದಾನ ಬರಲಿ ಬಿಡಲಿ ನಡೆಯಲೇಬೇಕಾದ ಖರ್ಚಿಗೆ ಅಳೆಯುವುದು ಸರಿ. ತಿಂಗಳಿಗೆ 8.8. ಠೇವಣಿ, ಕಂಪ್ಯೂಟರುಗಳ 7 ಕಳೆದರೆ ಕೈಗೆಟಕುವುದು 14, ಸುಮಾರು ಒಂದೂವರೆ ತಿಂಗಳು. ಮಂಡಳಿ ಇಟ್ಟುಕೊಂಡ ಗುರಿ ಮೂರು ತಿಂಗಳು, 26. ಎಂಟನೇ ವರ್ಷದ ಬಜೆಟ್ಟಿನಲ್ಲಿ 'ಮೀಸಲಿಗೆ 10' ಎಂಬುದು ಖರ್ಚಿನ ಸಾಲಾಗಿಯೇ ಬಂದಿದೆ, ಸಂಬಳದ ಸಾಲಿನ ಕೆಳಗೆ, ಬಾಡಿಗೆಯ ಸಾಲಿನ ಮೇಲೆ.